ಹಳೆಯ ಬೂಟು ಕಂಪನಿಗೆ ಹಳೆಯ ಗಿರಾಕಿಗಳ ನೆನಪು ಬಂದಿದೆಯಂತೆ. ನಂಬಬಹುದೇ?

ರಂಪಿಗೆ, ಚಿಕ್ಕಮಗಳೂರು

ಪ್ರಶ್ನೆ ಉದ್ದವಿದೆ. ಚಿಕ್ಕದಾಗಿ ಬರೆಯಲು ಎರಡು ಸಲ ಪ್ರಯತ್ನಿಸಿ ಕೈಬಿಟ್ಟೆ.

ಮಾರ್ಕೆಟ್ ರಸ್ತೆಯಿಂದ ಒಳಗೆ ಹೋಗುವ ಓಣಿಯೊಂದರಲ್ಲಿ ನಮ್ಮ ಅಂಗಡಿ ಇದೆ. ಒಂಬತ್ತಡಿ ಅಗಲ, ಹನ್ನೊಂದಡಿ ಉದ್ದ, ಗೋಡೆಯ ಮೇಲೆ ಹರಳಯ್ಯ ಕಲ್ಯಾಣಮ್ಮನವರ ಪಟ. ಅಜ್ಜ ಮೊದಲು ಬಸ್ ನಿಲ್ದಾಣದ ಎದುರು ಪೆಟ್ಟಿಗೆ ಇಟ್ಟುಕೊಂಡು ಪಾಲಿಶ್ ಮಾಡುತ್ತಿದ್ದ. ಆಮೇಲೆ ಕಾಫಿ ತೋಟದ ಸಾಹುಕಾರರಿಗೂ ರೈಟರುಗಳಿಗೂ ಬೂಟು ಹೊಲಿದುಕೊಟ್ಟ. ಅಪ್ಪ ಕಾರ್ಖಾನೆಯ ಚಪ್ಪಲಿ ತಂದು ಮಾರಿದರು. ನಾನು ಎಲ್ಲವನ್ನೂ ಅಷ್ಟಷ್ಟು ಮಾಡುತ್ತೇನೆ. ಶಾಲೆ ಶುರುವಾಗುವಾಗ ಮಕ್ಕಳ ಕಪ್ಪು ಶೂ, ಉಳಿದ ದಿನಗಳಲ್ಲಿ ಮುಳ್ಳಯ್ಯನಗಿರಿಗೆ ಬೈಕಿನಲ್ಲಿ ಬರುವವರ ಬೂಟುಗಳ ರಿಪೇರಿ. ಕೇಳಿದವರಿಗೆ ಹೊಸದನ್ನೂ ಹೊಲಿದುಕೊಡುತ್ತೇನೆ.

ಕಳೆದ ಆಷಾಢದಲ್ಲಿ ಬೆಂಗಳೂರಿನವರೊಬ್ಬರು ಒಂದು ಜೋಡಿ ತಂದರು. ಅಂಥದ್ದನ್ನು ನಾನು ಕೈಯಲ್ಲಿ ಹಿಡಿದಿರಲಿಲ್ಲ. ಲೇಸು ಇಲ್ಲ. ಮೊಣಕಾಲಿನ ಸ್ವಲ್ಪ ಕೆಳಗಿನವರೆಗೆ ಬರುವ ಕಪ್ಪು ಕೊಳವೆ, ಪಾದದ ಮೇಲೊಂದು ಪಟ್ಟಿ ಮತ್ತು ಬಕಲು, ಮೇಲ್ತುದಿಯಲ್ಲಿ ಇನ್ನೊಂದು. ಒಳಗೆ ಅಮೆರಿಕದ ಕಂಪನಿಯೊಂದರ ಮುದ್ರೆ. ಎಡಗಾಲಿನ ಅಟ್ಟೆ ಬಾಯಿ ಬಿಟ್ಟಿತ್ತು, ಒಳಗೆಲ್ಲ ಬೂಷ್ಟು. ಆದರೆ ಚರ್ಮ! ಹೆಬ್ಬೆರಳಿನಿಂದ ಒತ್ತಿದರೆ ಸಣ್ಣ ನೆರಿಗೆ ಮೂಡುತ್ತದೆ, ಕೈ ತೆಗೆದರೆ ಹೊರಟುಹೋಗುತ್ತದೆ. ಅಟ್ಟೆ ಬಿಚ್ಚಿ ನೋಡಿದೆ. ಮೇಲಿನ ಚರ್ಮವನ್ನು ಒಳಕ್ಕೆ ಮಡಚುವ ಬದಲು ಹೊರಕ್ಕೆ ಮಡಚಿ, ಅಂಚಿನಲ್ಲಿ ಎರಡು ಸಾಲು ಹೊಲಿಗೆ ಹಾಕಿದ್ದಾರೆ. ನೀರು ಒಳಗೆ ಇಳಿಯದಿರಲಿ ಎಂದು ಅಜ್ಜ ತೋಟದ ಬೂಟುಗಳಿಗೆ ಹಾಕುತ್ತಿದ್ದದ್ದೂ ಇದೇ ಹೊಲಿಗೆ. ಯಾರು ಯಾರಿಂದ ಕಲಿತರೋ.

ನಾಲ್ಕು ದಿನ ಹಿಡಿಯಿತು. ಒಯ್ಯಲು ಬಂದಾಗ ಅವರ ಜೊತೆ ಅವರ ಸಂಗಾತಿಯೂ ಇದ್ದರು. "ಇದು ನಮ್ಮವರ ಬೂಟು" ಎಂದರು. ಯಾರು ನಿಮ್ಮವರು ಎಂದು ನಾನು ಕೇಳಲಿಲ್ಲ, ಇಬ್ಬರೂ ನಿಂತ ರೀತಿಯಲ್ಲೇ ಗೊತ್ತಾಯಿತು. ಮೊಬೈಲಿನಲ್ಲಿ ಆ ಕಂಪನಿಯ ಹೊಸ ಜಾಹೀರಾತು ತೋರಿಸಿದರು. ಚರ್ಮದ ಅಂಗಿ ತೊಟ್ಟ ಇಬ್ಬರು ನಡುವಯಸ್ಸಿನ ಗಂಡಸರು, ಒಬ್ಬನ ಬೂಟಿಗೆ ಇನ್ನೊಬ್ಬ ಎಣ್ಣೆ ತಿಕ್ಕುತ್ತಿದ್ದಾನೆ. ಇವರು ನಮ್ಮ ಹಳೆಯ ಗಿರಾಕಿಗಳು, ಮರೆತಿಲ್ಲ ಎಂಬ ಅರ್ಥದ ಒಕ್ಕಣೆ. ಬಂದವರು ಹುಳ್ಳಗೆ ನಕ್ಕರು. "ನಮ್ಮ ದುಡ್ಡು ಎಣಿಸುವಾಗ ನಾವು ಯಾರೆಂದು ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ."

ಇಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲವಾದ್ದರಿಂದ ಹೇಳಿಬಿಡುತ್ತೇನೆ. ನಾನೂ ಅವರಂಥವನೇ. 2018ರ ಸೆಪ್ಟೆಂಬರ್ 6ರಂದು ಗಂಡು ಗಂಡನ್ನು ಪ್ರೀತಿಸುವುದು ಅಪರಾಧವಲ್ಲ ಎಂಬ ಸೆಕ್ಷನ್ 377ರ ತೀರ್ಪು ಬಂದಾಗ ಎದುರಿನ ಹೋಟೆಲಿನ ಟಿವಿಗೆ ಬೆನ್ನು ಹಾಕಿ ಹೊಲಿಯುತ್ತಿದ್ದೆ, ಕಿವಿ ಮಾತ್ರ ಅಲ್ಲಿತ್ತು. ದಬ್ಬಳ ಬೆರಳಿಗೆ ಹೊಕ್ಕಿತು. ಅಪ್ಪನಿಗೆ ಗೊತ್ತಿಲ್ಲ. ಅಮ್ಮನಿಗೆ ಗೊತ್ತಿದೆಯೋ ಇಲ್ಲವೋ ಅಮ್ಮನಿಗೇ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ಆ ಇಬ್ಬರು ಮತ್ತು ಅವರ ಬಳಗದವರು ಅದೇ ಮಾದರಿಯ ಎಂಟು ಜೋಡಿ ಬೂಟು ಕೇಳಿದ್ದಾರೆ. ಜೊತೆಗೆ ಅಂಗಡಿಯ ಬಗ್ಗೆ ಒಂದು ಸಣ್ಣ ವಿಡಿಯೊ ಮಾಡುತ್ತಾರಂತೆ: ಮೂರು ತಲೆಮಾರು, ಅಜ್ಜನ ಫೋಟೊ, ಕಾಮನಬಿಲ್ಲಿನ ಬಣ್ಣದ ಬೋರ್ಡು. ಅದರಿಂದ ಇನ್ನಷ್ಟು ಗಿರಾಕಿಗಳು ಬರಬಹುದು. ಆದರೆ ಮಾತಿನ ನಡುವೆ ಅವರೊಂದು ಹೇಳಿದರು. ಅಮೆರಿಕದ ಅವರ ಬಳಗದಲ್ಲಿ ಮಂಡಿಯೂರಿ ಇನ್ನೊಬ್ಬರ ಬೂಟು ಹೊಳೆಯಿಸುವುದು ಗೌರವದ ಕೆಲಸ, ಅದಕ್ಕೆ ಸ್ಪರ್ಧೆಯೂ ಉಂಟಂತೆ. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಅಜ್ಜನ ಪೆಟ್ಟಿಗೆಯ ಮೇಲೆ ಕಾಲಿಡುವಾಗ ಜನ ಅವನ ಮುಖ ನೋಡುತ್ತಿರಲಿಲ್ಲ. ಕೈ ತಾಗೀತೆಂದು ಕಾಸನ್ನು ಮೇಲಿನಿಂದ ಬಿಡುತ್ತಿದ್ದರು.

ಆ ಕಂಪನಿಯ ನೆನಪನ್ನು ನಂಬಬಹುದೇ? ಅವರು ಮಾಡಿದ್ದನ್ನೇ ನಾನು ಚಿಕ್ಕದಾಗಿ ಮಾಡಲು ಹೊರಟಿದ್ದೇನೆಯೇ?

ನಿವೃತ್ತ ಕಂಡಕ್ಟರ್, ಹಾಸನ

ತಮ್ಮಾ, ಮೊದಲು ಅರ್ಧ ಹಣ ಮುಂಗಡ ತೆಗೆದುಕೊ. ಎಂಟು ಜೋಡಿಯ ಚರ್ಮ ತಂದು ಹಾಕಿದ ಮೇಲೆ ಅವರ ಫೋನು ಸ್ವಿಚ್ ಆಫ್ ಆದರೆ ಹರಳಯ್ಯನವರೂ ಬಂದು ಕಾಯುವುದಿಲ್ಲ.

ನಾನು 1980ರ ದಶಕದಿಂದಲೂ ಲಿಡ್ಕರ್ ಬೂಟು ಬಿಟ್ಟು ಬೇರೆ ಹಾಕಿದವನಲ್ಲ. ನಮ್ಮ ರಾಜ್ಯ ಸರ್ಕಾರದ ಈ ಚರ್ಮೋದ್ಯಮ ನಿಗಮ ಶುರುವಾದದ್ದು 1976ರಲ್ಲಿ. ಅಷ್ಟು ವರ್ಷ ಅದರ ಅಂಗಡಿಯೊಳಗೆ ನೊಣ ಹೊಡೆಯುವ ಸದ್ದು ಕೇಳುತ್ತಿತ್ತು. 2023ರಲ್ಲಿ ನಮ್ಮ ಅರಸೀಕೆರೆ ಕಡೆಯ ನಟ ಧನಂಜಯ ಸಂಭಾವನೆ ಬೇಡವೆಂದು ರಾಯಭಾರಿಯಾದ ಮೇಲೆ ಹುಡುಗರೂ ಹೆಸರು ಹೇಳತೊಡಗಿದರು. ಅಂದರೆ ಮುಖ ತೋರಿಸಿದರೆ ವ್ಯಾಪಾರ ಆಗುತ್ತದೆ, ಅದರಲ್ಲಿ ತಪ್ಪಿಲ್ಲ. ಯಾರ ಮುಖ, ಯಾರನ್ನು ಕೇಳಿ ತೋರಿಸಿದರು ಎಂಬುದಷ್ಟೇ ಪ್ರಶ್ನೆ. ಕೊಲ್ಹಾಪುರಿ ಚಪ್ಪಲಿಯದ್ದು ಮರೆತೆಯಾ? 2019ರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರದವರಿಗೂ ಸೇರಿಸಿ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಮಿಲಾನ್‌ನಲ್ಲಿ ಅದೇ ಚಪ್ಪಲಿಯನ್ನು ಬರೀ ಚರ್ಮದ ಚಪ್ಪಲಿ ಎಂದು ತೋರಿಸಿದರು. ಗಲಾಟೆಯಾದ ಮೇಲೆ ಒಪ್ಪಿಕೊಂಡರು, ಡಿಸೆಂಬರಿನಲ್ಲಿ ಮಹಾರಾಷ್ಟ್ರದ ನಿಗಮ ಮತ್ತು ನಮ್ಮ ಲಿಡ್ಕರ್ ಎರಡರ ಜೊತೆಗೂ ಒಪ್ಪಂದಕ್ಕೆ ಬಂದರು. ಬೈದರೆ ನೆನಪು ಬರುತ್ತದೆ.

ಗಂಡಸು ಗಂಡಸಿನ ವಿಷಯ ನನಗೆ ಅರ್ಥವಾಗುವುದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಮೂವತ್ತೊಂದು ವರ್ಷ ಟಿಕೆಟು ಹರಿದವನು ನಾನು. ಹತ್ತಿದವರಿಗೆಲ್ಲ ಒಂದೇ ದರ.

ಮೂಡಿಗೆರೆಯವ, ಈಗ ಶಿಕಾಗೊ

ರಂಪಿಗೆಯವರೇ, ನೀವು ವರ್ಣಿಸಿದ್ದು ಎಂಜಿನಿಯರ್ ಬೂಟು. ಇಲ್ಲಿ ಎಂಜಿನಿಯರ್ ಎಂದರೆ ಕಾಲೇಜು ಓದಿದವನಲ್ಲ, ರೈಲಿನ ಎಂಜಿನ್ ಓಡಿಸುವವನು. ಕೆಂಡ ಸಿಡಿದರೆ ಸಿಕ್ಕಿಕೊಳ್ಳಲು ಲೇಸಿನ ಸಂದಿ ಇರಬಾರದು, ಬಿಸಿ ಒಳಗೆ ಬಿದ್ದರೆ ಒಂದೇ ಎಳೆತಕ್ಕೆ ಕಳಚಬೇಕು. 1930ರ ದಶಕದ ಕೊನೆಯ ಹೊತ್ತಿಗೆ ಈ ಆಕಾರ ಗಟ್ಟಿಯಾಯಿತು. ಒರೆಗಾನಿನ ವೆಸ್ಕೊ ಕಂಪನಿ 1918ರಿಂದ ಮರ ಕಡಿಯುವವರಿಗೆ ಬೂಟು ಹೊಲಿಯುತ್ತಿದ್ದದ್ದು, ಹಡಗುಕಟ್ಟೆಯ ವೆಲ್ಡರುಗಳಿಗೂ ಇಂಥದ್ದನ್ನು ಮಾಡಿಕೊಟ್ಟಿತು. ಒಮಾಹಾದ ಡೇನರ್ 1875ರಷ್ಟು ಹಳೆಯದು, ಅದರ ಉದ್ದ ಬೂಟು ಪೊಲೀಸರ ಕಾಲಿಗೆ ಹೋಯಿತು. ಗಂಡಸರನ್ನು ಪ್ರೀತಿಸುವ ಗಂಡಸರಿಗಾಗಿ ಇವರು ಯಾರೂ ಹೊಲಿದದ್ದಲ್ಲ. ಆ ಗಂಡಸರು ತಾವಾಗಿ ಬಂದರು.

ಹೇಗೆ ಬಂದರೆಂದರೆ, ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದಾಗ ಕೆಲವರಿಗೆ ಮನೆ, ಮದುವೆ, ಹಿತ್ತಲು ಸಾಕಾಗಲಿಲ್ಲ. ಬೈಕು ಹಿಡಿದರು. ಲಾಸ್ ಏಂಜಲೀಸಿನಲ್ಲಿ 1954ರಲ್ಲಿ ಸ್ಯಾಟರ್ಸ್ ಎಂಬ ಬೈಕ್ ಸಂಘ ಕಟ್ಟಿದವರು ಇಂಥವರೇ. ಹೆಣ್ಣಿಗರೆಂದು ಜನ ಹಂಗಿಸುತ್ತಿದ್ದ ಕಾಲ ಅದು. ಇವರು ಉತ್ತರ ಕೊಟ್ಟದ್ದು ದಪ್ಪ ಚರ್ಮದಲ್ಲಿ. ಫಿನ್‌ಲೆಂಡಿನ ಟೌಕೊ ಲಾಕ್ಸೊನೆನ್ ಎಂಬಾತ ಟಾಮ್ ಆಫ್ ಫಿನ್‌ಲೆಂಡ್ ಎಂಬ ಹೆಸರಿನಲ್ಲಿ ಅವರನ್ನು ಪೆನ್ಸಿಲಿನಲ್ಲಿ ಬರೆದ. ಅವನ ಚಿತ್ರದ ಬೂಟುಗಳಲ್ಲಿ ಮುಖ ಕಾಣುವಷ್ಟು ಹೊಳಪು. ಮೊದಮೊದಲು ಬಚ್ಚಿಟ್ಟು ಹಂಚುತ್ತಿದ್ದ ಆ ಚಿತ್ರಗಳನ್ನು 2014ರಲ್ಲಿ ಅವನ ದೇಶದ ಅಂಚೆ ಇಲಾಖೆ ಸ್ಟಾಂಪು ಮಾಡಿತು. ಅಷ್ಟರಲ್ಲಿ ಅವನು ಸತ್ತು ಸುಮಾರು 23 ವರ್ಷ.

ಈ ಶಿಕಾಗೊದಲ್ಲಿ 1979ರಿಂದ ಮೇ ತಿಂಗಳ ಕೊನೆಗೆ ಈ ಚರ್ಮದ ಉಡುಪಿನವರ, ಅಂದರೆ ಲೆದರ್ ಬಳಗದ ದೊಡ್ಡ ಜಾತ್ರೆ ಇದೆ. ನೀವು ಕೇಳಿದ ಪಾಲಿಶ್ ಸ್ಪರ್ಧೆ 1993ರಲ್ಲಿ ಅದರೊಳಗೆ ಸೇರಿತು. ಒಂದು ವರ್ಷ ನಾನೂ ಹೋದೆ. ತೋಟದಲ್ಲಿ ತಂದೆ ಹಾಕುತ್ತಿದ್ದ ಬೂಟನ್ನೇ ಹಾಕಿಕೊಂಡಿದ್ದೆ. ಎತ್ತರದ ಕುರ್ಚಿಯ ಮೇಲೆ ಕೂರಿಸಿದರು. ಕೆಳಗೆ ಕೂತಾಕೆ ಸುಮಾರು ಐವತ್ತರ ಹೆಂಗಸು, ತೋಳಿನವರೆಗೂ ಕಪ್ಪು ಮಸಿ. ಮೊದಲು "ಮುಟ್ಟಬಹುದೇ?" ಎಂದು ಕೇಳಿದಳು. ಒಣ ಬ್ರಷ್ಷಿನಿಂದ ಧೂಳು ತೆಗೆದಳು, ಒದ್ದೆ ಬಟ್ಟೆಯಲ್ಲಿ ಸೋಪಿನ ನೊರೆ ಹಚ್ಚಿ ಒರೆಸಿದಳು, ಆರುವ ತನಕ ಸುಮ್ಮನೆ ಹರಟೆ ಹೊಡೆದಳು. ಆಮೇಲೆ ಕೊಬ್ಬಿನಂಥ ಲೇಪವನ್ನು ಬರಿಗೈಯಲ್ಲೇ ತಿಕ್ಕಿದಳು, ಅಂಗೈಯ ಬಿಸಿಗೆ ಅದು ಕರಗಿ ಒಳಗಿಳಿಯಬೇಕಂತೆ. ಹೊಲಿಗೆಯ ಸಂದಿಗೆ ಬೆರಳು ಹಾಕಿ "ಇದು ಯಾವ ಊರಿನ ಮಳೆ?" ಎಂದಳು. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ನಾವು. ನನಗೆ ಕೂತಲ್ಲೇ ಬೆವರು. ಎರಡು ಸಲ ಕಾಲು ಹಿಂದಕ್ಕೆಳೆದುಕೊಂಡೆ, ಎರಡು ಸಲವೂ ಬೈಸಿಕೊಂಡೆ.

ಕಂಪನಿಯ ನೆನಪಿನ ಮಾತು. ಸ್ಯಾನ್ ಫ್ರಾನ್ಸಿಸ್ಕೊದ ರಿಂಗೋಲ್ಡ್ ಎಂಬ ಗಲ್ಲಿಯಲ್ಲಿ 2017ರಲ್ಲಿ ಲೆದರ್ ಬಳಗದ ಸ್ಮಾರಕ ಆಯಿತು. ಅಲ್ಲಿ ಪ್ರತಿಮೆ ಇಲ್ಲ. ಪಾದಚಾರಿ ದಾರಿಯ ಅಂಚಿನುದ್ದಕ್ಕೂ ಲೋಹದ ಬೂಟಿನ ಹೆಜ್ಜೆಗಳನ್ನು ಕೂರಿಸಿದ್ದಾರೆ, ಅವುಗಳಲ್ಲಿ 28 ಜನರಿಗೆ ಗೌರವ. ಏಡ್ಸ್ ಆ ಬೀದಿಗಳನ್ನು ಖಾಲಿ ಮಾಡಿದ ಕಾಲದಲ್ಲಿ ಊಟ, ಔಷಧಿಗೆ ಹಣ ಎತ್ತಿದ್ದು ಇದೇ ಬೂಟಿನವರು. ನಿಮ್ಮ ಗಿರಾಕಿಯ ಹುಳ್ಳಗಿನ ನಗೆ ಅಲ್ಲಿಂದ ಬಂದದ್ದು. ಈಗ ಜಾಹೀರಾತು ಮಾಡುವವರು ಆ ಹೆಸರುಗಳನ್ನು ಹೇಳಿದರೆ, ಬಳಗದ ಸಂಗ್ರಹಾಲಯಕ್ಕೆ ಒಂದಿಷ್ಟು ಕೊಟ್ಟರೆ ನಾನು ನಂಬುತ್ತೇನೆ. ಬರೀ ಇಬ್ಬರು ಚೆಲುವರನ್ನು ಬೆಂಚಿನ ಮೇಲೆ ಕೂರಿಸಿದರೆ ಅದು ಬೆಂಚಿನ ಜಾಹೀರಾತು.

ಕೆಂಪು ಬಳೆ, ಹಾಸನ

ನಾನು ಟ್ರಾನ್ಸ್ ಹೆಂಗಸು. ನಮ್ಮಂಥವರ ಪ್ರೈಡ್ ತಿಂಗಳೆಂದು ಜೂನ್‌ನಲ್ಲಿ ಕಾಮನಬಿಲ್ಲಿನ ಬಣ್ಣ ಬಳಿದುಕೊಂಡು ಜುಲೈಯಲ್ಲಿ ತೊಳೆದುಕೊಳ್ಳುವವರನ್ನು ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಇಲ್ಲಿಯದೇ ಒಂದು ಬಟ್ಟೆ ಅಂಗಡಿಯವರು ನನ್ನನ್ನು ಕರೆಸಿ ಫೋಟೊ ತೆಗೆಸಿದರು, ಒಂದು ಸೀರೆ ಕೊಟ್ಟರು. ಮರುತಿಂಗಳು ಅದೇ ಅಂಗಡಿಯಲ್ಲಿ ಕೆಲಸ ಕೇಳಿದರೆ ಗಿರಾಕಿಗಳು ಮುಜುಗರಪಡುತ್ತಾರೆ ಎಂದರು. ಫೋಟೊದಲ್ಲಿ ಮುಜುಗರ ಇರಲಿಲ್ಲವೇನೋ.

ಅಮೆರಿಕದಲ್ಲೂ ಬೇರೆ ಕಥೆಯಿಲ್ಲ. 2023ರಲ್ಲಿ ಟಾರ್ಗೆಟ್ ಎಂಬ ದೊಡ್ಡ ಮಳಿಗೆ ಸರಣಿಯವರು ಬೆದರಿಕೆ ಬಂತೆಂದು ಪ್ರೈಡ್ ಸಾಮಾನುಗಳಲ್ಲಿ ಕೆಲವನ್ನು ತೆಗೆದರು, ಮರುವರ್ಷ ಎಲ್ಲ ಮಳಿಗೆಗಳಲ್ಲಿ ಇಡಲೂ ಇಲ್ಲ. ಅದಕ್ಕೇ ನಾನು ಜಾಹೀರಾತಿನ ಮುಖ ನೋಡುವುದಿಲ್ಲ, ಸಂಬಳದ ಪಟ್ಟಿ ಕೇಳುತ್ತೇನೆ. ರಂಪಿಗೆ, ನಿನ್ನ ಅಂಗಡಿಯಲ್ಲಿ ಸಂಬಳದ ಪಟ್ಟಿಯೇ ಇಲ್ಲ, ಆದ್ದರಿಂದ ನಿನಗೆ ಮಾಫಿ. ಆದರೆ ಕಾಮನಬಿಲ್ಲಿನ ಬೋರ್ಡು ಹಾಕಿ, ನೀನು ಮಾತ್ರ ಅದರ ಹಿಂದೆ ಅಡಗಿ ಕೂತರೆ ಕಲ್ಲು ಬೀಳುವುದು ನಿಮ್ಮಪ್ಪನ ಮೇಲೆ. ಅವರಿಗೆ ಗೊತ್ತಿಲ್ಲದ ಯುದ್ಧಕ್ಕೆ ಅವರನ್ನು ಎಳೆಯಬೇಡ.

ಸಕಲೇಶಪುರದ ಅಕ್ಕ

ಎಲ್ಲರೂ ಚರಿತ್ರೆ ಬರೆದಿದ್ದೀರಿ, ಅಟ್ಟೆಯ ಬಗ್ಗೆ ಯಾರೂ ಕೇಳಲಿಲ್ಲ. ತಮ್ಮಾ, ದಯವಿಟ್ಟು ಪಿಯು, ಅಂದರೆ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಅಟ್ಟೆ ಹಾಕಬೇಡ. ನಮ್ಮ ಕಡೆಯ ತೇವಕ್ಕೆ ಅದು ಒಳಗೊಳಗೇ ಒಡೆಯುತ್ತದೆ. ಕಪಾಟಿನಲ್ಲಿ ಇಟ್ಟ ಜೋಡಿಯೇ ನಾಲ್ಕನೇ ವರ್ಷ ಹಳೆಯ ರಸ್ಕಿನ ಹಾಗೆ ಉದುರಿದ್ದನ್ನು ನೋಡಿದ್ದೇನೆ. ಗಟ್ಟಿ ರಬ್ಬರು ಹಾಕು, ಅಂಟಿನ ಮೇಲೆ ಹೊಲಿಗೆಯೂ ಇರಲಿ. ಚರ್ಮ ಎಲ್ಲಿಯದು? ಬೆಲೆ ಎಷ್ಟು ಹೇಳಿದ್ದೀಯ?

ರಂಪಿಗೆ, ಚಿಕ್ಕಮಗಳೂರು

ಅಕ್ಕಾ, ಚರ್ಮ ತಮಿಳುನಾಡಿನ ರಾಣಿಪೇಟೆಯದ್ದು. ತೊಗಟೆಯಲ್ಲಿ ಹದ ಮಾಡಿದ್ದು ಸಿಕ್ಕರೆ ಅದನ್ನೇ ತರುತ್ತೇನೆ. ಅಜ್ಜನ ಕಾಲದಲ್ಲಿ ತಂಗಡಿ ತೊಗಟೆಯ ಹದದ ತೊಗಲು ಬರುತ್ತಿತ್ತು, ಅಂಗಡಿಗೆ ಕಾಲಿಟ್ಟರೆ ಮೂಗಿಗೆ ಹತ್ತುತ್ತಿತ್ತು ಎಂದು ಅಪ್ಪ ಈಗಲೂ ಹೇಳುತ್ತಾರೆ. ಈ ಬೂಟಿಗೆ ಮಾಮೂಲಿ ಶೂಗಿಂತ ಸುಮಾರು ಮೂರು ಪಟ್ಟು ಚರ್ಮ ಬೇಕು. ನಾನು 9,500 ಹೇಳಿದ್ದೆ. ಲೆಕ್ಕ ಹಾಕಿದರೆ ನನ್ನ ಕೂಲಿಯೇ ಅದರಲ್ಲಿ ಸೇರಿರಲಿಲ್ಲ. 11,500 ಮಾಡಿದ್ದೇನೆ, ಅವರು ಮರುಮಾತಿಲ್ಲದೆ ಒಪ್ಪಿದರು. ಕಂಡಕ್ಟರ್ ಸಾಹೇಬರೇ, ಮುಂಗಡ ಬಂದಿದೆ.

ಶಿಕಾಗೊದವರೇ, ಆ ಹೆಂಗಸಿನ ಮಸಿಯ ತೋಳು ಕಣ್ಣಿಗೆ ಕಟ್ಟಿತು. ಮುಟ್ಟಬಹುದೇ ಎಂದು ಕೇಳಿದಳು ಎಂದಿರಲ್ಲ, ಅಲ್ಲಿಯೇ ನನಗೆ ಮುಳ್ಳು ಸಿಕ್ಕಿತು. ನಮ್ಮಜ್ಜ ಕೇಳಬೇಕಾಗಿರಲಿಲ್ಲ, ಮುಟ್ಟದೆ ದೂರ ನಿಲ್ಲುತ್ತಿದ್ದವರು ಗಿರಾಕಿಗಳು. ಆಕೆ ಸಂಜೆಯಾದ ಮೇಲೆ ಕೈ ತೊಳೆದುಕೊಂಡರೆ ಮುಗಿಯಿತು. ಅಜ್ಜ ತೊಳೆದುಕೊಂಡರೂ ಮುಗಿಯುತ್ತಿರಲಿಲ್ಲ. ಆಕೆಯ ಗೌರವ ಸುಳ್ಳೆಂದು ನಾನು ಹೇಳುತ್ತಿಲ್ಲ. ಅಜ್ಜನ ಫೋಟೊವನ್ನು ಆ ಗೌರವದ ಪಕ್ಕ ಅಂಟಿಸಿದರೆ ಎರಡೂ ಒಂದೇ ಎಂದು ನೋಡುವವರಿಗೆ ಅನಿಸುತ್ತದೆ, ಅದು ಬೇಡ.

ಪಟದ ಹರಳಯ್ಯನವರನ್ನು ನೋಡುತ್ತಾ ಇದನ್ನೆಲ್ಲ ಯೋಚಿಸಿದೆ. ಬಸವಣ್ಣ ಒಂದು ಶರಣಿಗೆ ಎರಡು ಶರಣು ಎಂದದ್ದಕ್ಕೆ, ಸಾಲ ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಲ್ಲಿ ಪಾದರಕ್ಷೆ ಹೊಲಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಅದೇ ಹರಳಯ್ಯನವರ ಮಗನಿಗೆ ಬ್ರಾಹ್ಮಣರಾದ ಮಧುವರಸರ ಮಗಳನ್ನು ಕೊಟ್ಟ ಮದುವೆಗಾಗಿ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಯಾಯಿತು ಎಂಬುದನ್ನು ಜನ ಅಷ್ಟು ಹೇಳುವುದಿಲ್ಲ. ಚಪ್ಪಲಿಯ ಕಥೆಗೆ ಎಲ್ಲರೂ ಕೈಮುಗಿಯುತ್ತಾರೆ, ಮದುವೆಯ ಕಥೆಗೆ ಮಾತು ಬದಲಿಸುತ್ತಾರೆ.

ಕೆಂಪು ಬಳೆ ಅಕ್ಕಾ, ಬೋರ್ಡು ಇಲ್ಲ, ವಿಡಿಯೊ ಇಲ್ಲ. ಅವರಿಗೆ ಹೇಳಿದೆ, ಬೇಸರ ಮಾಡಿಕೊಳ್ಳಲಿಲ್ಲ. ಅಳತೆ ಕೊಡಲು ಭಾನುವಾರ ಬರುತ್ತಾರೆ.

ಕೆಂಪು ಬಳೆ, ಹಾಸನ

ಅಪ್ಪ ಅಂಗಡಿಯಲ್ಲಿ ಇರುತ್ತಾರಾ?

ರಂಪಿಗೆ, ಚಿಕ್ಕಮಗಳೂರು

ಇದ್ದರು. ಭಾನುವಾರ ತೋಟಕ್ಕೆ ಹೋಗುತ್ತೇನೆ ಎಂದಿದ್ದವರು ಮಳೆಯೆಂದು ಹೋಗಲಿಲ್ಲ.

ಎಂಟರಲ್ಲಿ ಆರು ಮಂದಿ ಬಂದರು, ರೇನ್‌ಕೋಟಿನಿಂದ ನೀರು ಸೋರುತ್ತಾ. ಒಂಬತ್ತಡಿಯ ಅಂಗಡಿಯಲ್ಲಿ ಆರು ಜನ ನಿಂತರೆ ಹೇಗಿರುತ್ತದೆ, ಊಹಿಸಿಕೊಳ್ಳಿ. ನಮ್ಮಲ್ಲಿ ಅಳತೆ ತೆಗೆಯುವುದು ಇಂದಿಗೂ ಅಜ್ಜನ ಕ್ರಮದಲ್ಲಿ. ನೆಲದ ಮೇಲೆ ದಪ್ಪ ರೂಲಿನ ಪುಸ್ತಕ ಬಿಚ್ಚಿಡುತ್ತೇವೆ, ಗಿರಾಕಿ ಅದರ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾನೆ, ಪಾದದ ಸುತ್ತ ಪೆನ್ಸಿಲ್ ಓಡಿಸುತ್ತೇವೆ, ನಾಲ್ಕು ಕಡೆ ದಾರ ಸುತ್ತಿ ಅಳೆದು ಪಕ್ಕದಲ್ಲೇ ಬರೆಯುತ್ತೇವೆ. ನನ್ನ ಕೈ ನಡುಗುತ್ತಿತ್ತು. ಮೊದಲನೆಯ ಗೆರೆಯೇ ಕಿರುಬೆರಳಿನ ಹತ್ತಿರ ಹೊರಗೆ ಹೋಯಿತು. ಅಪ್ಪ ಪೆನ್ಸಿಲ್ ಕಿತ್ತುಕೊಂಡು ತಾವೇ ನೆಲಕ್ಕೆ ಕೂತರು.

ಅವರಲ್ಲಿ ಒಬ್ಬರು, ನಾನು ರಿಪೇರಿ ಮಾಡಿದ ಬೂಟಿನವರೇ, ಅಪ್ಪ ಕೆಳಗೆ ಕೂತದ್ದನ್ನು ನೋಡಿ ಸಂಕೋಚಪಟ್ಟರು. ಅರವತ್ತೆಂಟು ವರ್ಷದ ಹಿರಿಯರು ತಮ್ಮ ಕಾಲ ಬುಡದಲ್ಲಿ ಕೂರುವುದೇ ಎಂದು ತಾವೂ ಎದುರಿಗೆ ನೆಲಕ್ಕೆ ಕೂತು, ಕಾಲು ಚಾಚಿ ಪುಸ್ತಕದ ಮೇಲಿಟ್ಟರು. ಅಪ್ಪ ತಲೆ ಎತ್ತಿ ನೋಡಿ ರೇಗಿದರು. "ಎದ್ದು ನಿಲ್ಲಪ್ಪ. ಮೈಭಾರ ಬೀಳದಿದ್ದರೆ ಪಾದ ಹರಡುವುದಿಲ್ಲ, ಬೂಟು ಬಿಗಿಯಾಗುತ್ತದೆ. ಆಮೇಲೆ ನಮ್ಮನ್ನೇ ಬೈಯುತ್ತೀರಿ." ಅವರು ಎದ್ದು ನಿಂತರು. ಉಳಿದವರೆಲ್ಲ ನಕ್ಕರು, ಅಪ್ಪನಿಗೆ ಯಾಕೆಂದು ತಿಳಿಯಲಿಲ್ಲ.

ಪ್ರತಿ ಹಾಳೆಯ ಮೇಲೂ ಅಪ್ಪ ಹೆಸರು ಕೇಳಿ ಬರೆದರು. ಕೊನೆಯ ಹುಡುಗ ಸಣ್ಣ ಪಾದದವನು, ಮೀಸೆ ಈಗಷ್ಟೇ ಮೂಡುತ್ತಿದೆ. ಹೆಸರು ಹೇಳುವ ಮೊದಲು ತುಸು ತಡೆದು ನನ್ನ ಕಡೆ ನೋಡಿದ. ಆಮೇಲೆ ಹೇಳಿದ. ಅಪ್ಪ ಅದನ್ನು ಎರಡು ಸಲ ಉಚ್ಚರಿಸಿಕೊಂಡು, ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೊಂದು ಗೆರೆ ಎಳೆದರು.

"ಹಿಮ್ಮಡಿ ಎಷ್ಟು ಎತ್ತರ ಇರಲಿ?" ಎಂದರು.